ನೇತ್ರಾಣಿಗೆ ಹೋಗುವಾಗ ಫೋನ್ ಎಲ್ಲಿಡಬೇಕು?

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪ ಸುಮಾರು 19 ಕಿಲೋಮೀಟರ್. ದೋಣಿಯಲ್ಲಿ ಒಂದೂವರೆ ತಾಸಿನ ಆಸುಪಾಸು. ರಾತ್ರಿ ಬಸ್ಸು, ದೇವಸ್ಥಾನ, 123 ಅಡಿಯ ಶಿವ, ಇವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನಗೆ ಹೇಳಬೇಕಾಗಿರುವುದು ಎರಡು ಫೋನುಗಳ ಕಥೆ. ಒಂದು ದೋಣಿ ನಡೆಸುವ ತಾಂಡೇಲರದ್ದು, ಇನ್ನೊಂದು ನಮ್ಮ ಭಾವನದ್ದು.

ದಡದಲ್ಲಿ ಎಲ್ಲರ ಕೊರಳಲ್ಲೂ ಪಾರದರ್ಶಕ ಪ್ಲಾಸ್ಟಿಕ್ ಪೌಚು ನೇತಾಡುತ್ತಿತ್ತು. ನಾವೂ ಅಲ್ಲೇ ಒಂದು ಅಂಗಡಿಯಲ್ಲಿ ಕೊಂಡೆವು. ಭಾವನಿಗೆ ಅದೂ ಬೇಡವಾಗಿತ್ತು. "ನನ್ನ ಫೋನ್ ಐಪಿ68 ಕಣೇ, ನೀರಲ್ಲಿ ಮುಳುಗಿಸಿದ್ರೂ ಏನೂ ಆಗಲ್ಲ" ಅಂದರು. ಅಕ್ಕ ಗದರಿದ ಮೇಲೆ ಹಾಕಿಕೊಂಡರು. ಈ ಐಪಿ ನಂಬರಿನಲ್ಲಿ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. 67 ಅಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ. 68 ಅಂದರೆ ಅದಕ್ಕಿಂತ ಜಾಸ್ತಿ, ಎಷ್ಟು ಅಂತ ಕಂಪನಿಯೇ ಹೇಳುತ್ತದೆ. ಆದರೆ ಆ ಪರೀಕ್ಷೆ ನಡೆಯುವುದು ಅಲುಗಾಡದ ಸಿಹಿನೀರಿನಲ್ಲಿ, ಹೊಸ ಫೋನಿನ ಮೇಲೆ. ಉಪ್ಪುನೀರಿನ ಮಾತೇ ಅದರಲ್ಲಿಲ್ಲ. ಎರಡು ಸಲ ಕೆಳಗೆ ಬಿದ್ದು, ಅಂಚಿನ ರಬ್ಬರ್ ಸಡಿಲವಾದ ಫೋನಿಗೆ ಆ ನಂಬರು ಬರೀ ಅಲಂಕಾರ.

ಬಂಡೆ ದಾಟಿ ತೆರೆದ ಸಮುದ್ರಕ್ಕೆ ಬಂದಾಗ ಎರಚಲು ಶುರುವಾಯಿತು. ಪೌಚಿನ ಮೇಲೆ ಉಪ್ಪುಹನಿ ಕೂತರೆ ಪರದೆ ಹುಚ್ಚೆದ್ದ ಹಾಗೆ ಆಡುತ್ತದೆ. ಮುಟ್ಟಿದ ಕಡೆ ಬಿಟ್ಟು ಬೇರೆಲ್ಲೋ ಒತ್ತಿದಂತಾಗುತ್ತದೆ. ವಾಲ್ಯೂಮ್ ಬಟನ್ನಿನಿಂದ ಫೋಟೋ ತೆಗೆಯುವಂತೆ ದಡದಲ್ಲೇ ಇಟ್ಟುಕೊಂಡಿದ್ದರೆ ಮಾತ್ರ ಉಪಯೋಗ. ಬಿಸಿಲೇರಿದಂತೆ ಪೌಚಿನೊಳಗೆ ಮಂಜು ಕಟ್ಟಿತು. ನನ್ನ ಫೋನು ಬಿಸಿಯಾಗಿದೆ ಅಂತ ಎಚ್ಚರಿಕೆ ತೋರಿಸಿ ಕ್ಯಾಮೆರಾ ಮುಚ್ಚಿಕೊಂಡಿತು. ನಾನು ಅದನ್ನು ಬ್ಯಾಗಿನ ತಳಕ್ಕೆ ತುರುಕಿ ತಾಂಡೇಲರ ಪಕ್ಕ ಹೋಗಿ ಕೂತೆ.

ಅವರ ಕಾಲ ಬಳಿ ತಿರುಗಿಸುವ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ನೈಲಾನ್ ಹಗ್ಗದಿಂದ ಕಟ್ಟಿತ್ತು. ಉಪ್ಪಿನಕಾಯಿ ಇರಬೇಕು ಅಂದುಕೊಂಡೆ.

"ಅದ್ರಲ್ಲಿ ಫೋನ್ ಅದೆ ಅಕ್ಕಾ" ಅಂದರು.

ಒಣ ಬಟ್ಟೆಯಲ್ಲಿ ಸುತ್ತಿ, ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸೈಕಲ್ ಟ್ಯೂಬಿನ ಚೂರಿನಿಂದ ಬಿಗಿದು, ಆಮೇಲೆ ಡಬ್ಬಿಯೊಳಗೆ. ದೋಣಿ ಮಗುಚಿದರೂ ಡಬ್ಬಿ ತೇಲುತ್ತದಂತೆ.

"ಅಣ್ಣ, ಯಾರಾದ್ರೂ ಫೋನ್ ಮಾಡಿದ್ರೆ?"

"ಯಾರು ಮಾಡೂದು? ಇನ್ನು ಸ್ವಲ್ಪ ಮುಂದೆ ಹೋದ್ರೆ ಸಿಗ್ನಲ್ಲೇ ಇಲ್ಲ. ಮಾತಾಡೂಕೆ ವೈಯರ್‌ಲೆಸ್ ಅದೆ."

"ಮತ್ತೆ ಫೋನ್ ತರೋದು ಎಂತಕ್ಕೆ?"

"ದಡಕ್ಕೆ ಬರ್ತಾ ಮನೆಗೊಂದು ಹೇಳೂಕೆ. ಮೀನಿಗೆ ಹೋದಾಗ ರೇಟ್ ಕೇಳೂಕೆ. ಅಷ್ಟೇ." ಸ್ವಲ್ಪ ಹೊತ್ತು ಚುಕ್ಕಾಣಿ ಕಡೆ ಗಮನ ಕೊಟ್ಟು ಮತ್ತೆ ಶುರು ಮಾಡಿದರು. "ನೀರಿಗೆ ಬಿದ್ದು ಹಾಳಾದ ಫೋನ್ ಕಮ್ಮಿ ಅಕ್ಕಾ. ಒದ್ದೆ ಕೈಯಿಂದ ಹಾಳಾದ್ದೇ ಜಾಸ್ತಿ. ನಿಮ್ಮವ್ರಿಗೆ ಫೋನು ಕೈಯಲ್ಲೂ ಇರ್ಬೇಕು, ನೀರೂ ತಾಗ್ಬಾರ್ದು. ಎರಡೂ ಹ್ಯಾಂಗೆ ಆಗ್ತದೆ ಹೇಳಿ?"

ಅವರ ಅಜ್ಜ ಹಾಯಿ ದೋಣಿಯಲ್ಲಿ ಹೋಗುತ್ತಿದ್ದ ಕಾಲದಲ್ಲಿ ಕಾಯಬೇಕಾಗಿದ್ದದ್ದು ಬೀಡಿ, ಬೆಂಕಿಪೆಟ್ಟಿಗೆ. ಎರಡನ್ನೂ ಮುಂಡಾಸಿನೊಳಗೆ ಇಟ್ಟುಕೊಳ್ಳುತ್ತಿದ್ದರಂತೆ. "ಅದು ಒದ್ದೆ ಆಗ್ಬೇಕಾದ್ರೆ ಅಜ್ಜನೇ ಮುಳುಗ್ಬೇಕು" ಅಂತ ಜೋರಾಗಿ ನಕ್ಕರು. ನನ್ನ ಪೌಚನ್ನು ಕೈಗೆ ತೆಗೆದುಕೊಂಡು ಗಾಳಿ ತುಂಬಿಸಿ, ಅದರ ಬಾಯಿ ಮುಚ್ಚಿ, ಕೆನ್ನೆಯ ಹತ್ತಿರ ಒತ್ತಿ ನೋಡಿದರು. ಮೂಲೆಯಿಂದ ಸಣ್ಣಗೆ ಗಾಳಿ ಬರುತ್ತಿತ್ತು. ಏನೂ ಹೇಳದೆ ವಾಪಸ್ ಕೊಟ್ಟರು. ಭಾವನನ್ನು ಕರೆದು ಹೇಳಿದೆ. ಅವರು ಆಗಲೇ ಮುಂದೆ ನಿಂತು ವಿಡಿಯೊ ಮಾಡುತ್ತಿದ್ದರು, ಕೈ ಬೀಸಿ ಸುಮ್ಮನಾದರು.

ನೇತ್ರಾಣಿಯ ನೀರು ಮಾತ್ರ ಯಾವ ಫೋಟೋದಲ್ಲೂ ಸಿಗುವಂಥದ್ದಲ್ಲ. ಮಲ್ಪೆ, ಗೋಕರ್ಣದ ಕಲಕಿದ ನೀರು ನೋಡಿದ ಕಣ್ಣಿಗೆ ಇದು ನಮ್ಮದೇ ಸಮುದ್ರವಾ ಅನ್ನಿಸಿತು. ಮುಖ ಒಳಗಿಟ್ಟರೆ ಕೆಳಗಿನ ಬಂಡೆ, ಹವಳ, ಗಿಣಿಮೀನು ಎಲ್ಲ ಕಾಣುತ್ತವೆ. ದ್ವೀಪಕ್ಕೆ ಇಳಿಯಲು ಜೆಟ್ಟಿ ಇಲ್ಲ, ನೀರಲ್ಲೇ ಎಲ್ಲ. ಅಷ್ಟು ಚಂದದ ನೀರಿನಲ್ಲಿ ಅರ್ಧ ಜನ ಪೌಚು ಎತ್ತಿ ಹಿಡಿದು ತಮ್ಮ ಮುಖವನ್ನೇ ನೋಡಿಕೊಳ್ಳುತ್ತಿದ್ದದ್ದು ನನಗಂತೂ ಸಹಿಸಲಾಗಲಿಲ್ಲ.

ಭಾವ ದೋಣಿ ಹತ್ತುವಾಗ ಅವರ ಪೌಚಿನಲ್ಲಿ ಎರಡು ಚಮಚದಷ್ಟು ನೀರಿತ್ತು. ಫೋನು ಇನ್ನೂ ಬದುಕಿತ್ತು. ಅವರು ಅಂಗಿಯಲ್ಲಿ ಒರೆಸಿ, ಬ್ಯಾಟರಿ ಕಮ್ಮಿ ಇದೆ ಅಂತ ಪವರ್ ಬ್ಯಾಂಕಿಗೆ ಚುಚ್ಚಿದರು. ತೇವ ಇದೆ ಅಂತ ಫೋನೇ ಎಚ್ಚರಿಸಿತು. ಕೇಬಲ್ ತೆಗೆದು ಊದಿ ಮತ್ತೆ ಚುಚ್ಚಿದರು. ದಡ ಮುಟ್ಟುವಾಗ ಪರದೆ ಕಪ್ಪು. ಉಪ್ಪುನೀರು ವಿದ್ಯುತ್ತನ್ನು ಸಿಹಿನೀರಿಗಿಂತ ಎಷ್ಟೋ ಚೆನ್ನಾಗಿ ಹರಿಸುತ್ತದೆ. ಒಳಗೆ ಕರೆಂಟು ಓಡುತ್ತಿದ್ದರೆ ತಾಮ್ರ ಬೇಗ ಕೊರೆದುಹೋಗುತ್ತದೆ. ಚಾರ್ಜಿಗೆ ಹಾಕಿದ್ದು ಅದಕ್ಕೆ ಇನ್ನಷ್ಟು ದಾರಿ ಮಾಡಿಕೊಟ್ಟಿತು.

ರೂಮಿನಲ್ಲಿ ಅಕ್ಕ ಅಕ್ಕಿ ಚೀಲ ಹುಡುಕಲು ಹೊರಟಳು. ಅಕ್ಕಿಯಲ್ಲಿ ಹೂತಿಡಬೇಡಿ ಅಂತ ಆಪಲ್ ಕಂಪನಿಯೇ ಹೇಳಿದೆ, ಅದರ ಪುಡಿ ರಂಧ್ರದೊಳಗೆ ಹೋಗಿ ಕೂರುತ್ತದೆ. ಉಪ್ಪುನೀರು ತಾಗಿದರೆ ಮೊದಲು ಆಫ್ ಮಾಡಿ. ನೀರು ತಡೆಯುವ ಫೋನಾದರೆ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು, ಚಾರ್ಜಿಂಗ್ ರಂಧ್ರ ಕೆಳಗೆ ಮಾಡಿ ಗಾಳಿಗಿಡಿ. ಕೇಬಲ್ ಹತ್ತಿರಕ್ಕೂ ತರಬೇಡಿ. ಪೌಚು ಕೊಂಡರೆ ಒಳಗೆ ಟಿಶ್ಯೂ ಪೇಪರ್ ಇಟ್ಟು ರೂಮಿನ ಬಕೆಟ್ಟಿನಲ್ಲಿ ಅರ್ಧ ತಾಸು ಮುಳುಗಿಸಿ ನೋಡಿ, ಅಂಗಡಿಯವರ ಮಾತು ನಂಬಬೇಡಿ. ಟಿಶ್ಯೂ ಒಣಗಿದ್ದರೆ ಮಾತ್ರ ಫೋನು.

ಬೆಂಗಳೂರಿನ ಸರ್ವಿಸ್ ಸೆಂಟರಿನ ಹುಡುಗ ಸಿಮ್ ತಟ್ಟೆ ಎಳೆದು ಟಾರ್ಚ್ ಬಿಟ್ಟ. ಒಳಗಿನ ಬಿಳಿ ಚುಕ್ಕಿ ಕೆಂಪಾಗಿತ್ತು. ನೀರು ಹೋದ ಗುರುತು, ವಾರಂಟಿ ಇಲ್ಲ. ಐಪಿ68 ಅಂತ ಡಬ್ಬಿ ಮೇಲೆ ಬರೆದಿದೆಯಲ್ಲ ಅಂತ ಭಾವ ವಾದ ಮಾಡಿದರು. "ಅದು ಸರಿ ಸರ್, ಆದ್ರೆ ಲಿಕ್ವಿಡ್ ಡ್ಯಾಮೇಜ್ ವಾರಂಟೀಲಿ ಬರಲ್ಲ" ಅಂದ. ನೀರು ತಡೆಯುತ್ತದೆ ಅಂತ ಜಾಹೀರಾತಿನಲ್ಲಿ ಹೇಳಿ ಮಾರುವುದು, ನೀರು ಹೋದರೆ ಕೈ ತೊಳೆದುಕೊಳ್ಳುವುದು. ಭಾವನ ಹಟ ಏನೇ ಇರಲಿ, ಈ ವಿಷಯದಲ್ಲಿ ನಾನು ಅವರ ಪರ.