ತೊರೆಕಾಡನಹಳ್ಳಿಗೆ ಹೋದ ಬಾಟಲಿಗಳು

ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಏಳನೆಯ ತರಗತಿಯಲ್ಲಿ ಕೇಳಿದೆ. ‘ಸಂಪಿನಿಂದ’ ಎಂದರು. ಸಂಪಿಗೆ? ‘ನಲ್ಲಿಯಿಂದ.’ ಹಿಂದಿನ ಬೆಂಚಿನ ಒಬ್ಬಳು, ‘ಟ್ಯಾಂಕರ್ ಅಂಕಲ್ ತರುತ್ತಾರೆ’ ಎಂದಾಗ ಎಲ್ಲರೂ ನಕ್ಕರು. ಅವಳಾದರೂ ರಸ್ತೆಯವರೆಗೆ ಹೋಗಿದ್ದಳು. ಉಳಿದವರು ಗೇಟನ್ನೂ ದಾಟಿರಲಿಲ್ಲ.

ಬೆಂಗಳೂರಿಗೆ ಕಾವೇರಿ ನೀರನ್ನು ಶುದ್ಧೀಕರಿಸಿ ಕಳಿಸುವ ತೊರೆಕಾಡನಹಳ್ಳಿಯ ಘಟಕವನ್ನು ಮಕ್ಕಳಿಗೆ ತೋರಿಸಲು ಅನುಮತಿ ಪತ್ರಕ್ಕಾಗಿ ಮೂರು ವಾರ ಅಲೆದು, ಕೊನೆಗೊಂದು ಶನಿವಾರ ಬಸ್ಸು ಹತ್ತಿದೆವು. ಕನಕಪುರ ರಸ್ತೆಯಲ್ಲಿ ತಾತಗುಣಿ ಬಂತು, ಹಾರೋಹಳ್ಳಿ ಬಂತು. ಈ ಹೆಸರುಗಳನ್ನು ನೆನಪಿಟ್ಟುಕೊಳ್ಳಿ ಎಂದು ಕೂಗಿದೆ. ಅಂತ್ಯಾಕ್ಷರಿಯ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ತೊರೆಕಾಡನಹಳ್ಳಿ ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ, ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್. ಶಿವ ಅಣೆಕಟ್ಟೆಯಿಂದ ಹೊರಟ ಕಾವೇರಿ, ನೆಟ್ಕಲ್ ಜಲಾಶಯದ ಮೂಲಕ ಇಳಿಜಾರಿನಲ್ಲಿ ತಾನಾಗಿಯೇ ಇಲ್ಲಿಗೆ ಹರಿದು ಬರುತ್ತದೆ. ಸುಖದ ಹಾದಿ ಅಲ್ಲಿಗೆ ಮುಗಿಯಿತು. ಪಟಿಕ ಬೆರೆಸಿದ ಕೆಸರು ನೀರು ದುಂಡನೆಯ ತೊಟ್ಟಿಗಳಲ್ಲಿ ತಿಳಿಯಾಗುವುದನ್ನು ಮಕ್ಕಳು ಕಂಬಿ ಹಿಡಿದು ನೋಡಿದರು. ‘ನಮ್ಮಜ್ಜಿ ಕೊಡದೊಳಗೆ ಹೀಗೇ ಪಟಿಕ ತಿರುಗಿಸುತ್ತಿದ್ದರಂತೆ’ ಎಂದ ಒಬ್ಬ. ಆಮೇಲೆ ಮರಳಿನ ಸೋಸುಹಾಸು, ಕ್ಲೋರಿನ್. ಕ್ಲೋರಿನ್ ವಾಸನೆಗೆ ಮೂಗು ಮುಚ್ಚಿದ್ದೇ ಹೆಚ್ಚು.

ಪಂಪ್‌ಹೌಸ್‌ನಲ್ಲಿ ಮಾತು ಕೇಳಿಸುವಂತಿರಲಿಲ್ಲ. ಹೊರಗೆ ಬಂದ ಮೇಲೆ ಎಂಜಿನಿಯರ್ ಹೇಳಿದರು: ಬೆಂಗಳೂರು ಎತ್ತರದಲ್ಲಿದೆ, ನೀರನ್ನು ಅರ್ಧ ಕಿಲೋಮೀಟರಿನಷ್ಟು ಮೇಲೆತ್ತಬೇಕು, ಒಂದೇ ಉಸಿರಿಗೆ ಆಗದು. ಇಲ್ಲಿಂದ ಒಮ್ಮೆ, ಹಾರೋಹಳ್ಳಿಯಿಂದ ಇನ್ನೊಮ್ಮೆ, ತಾತಗುಣಿಯಿಂದ ಮತ್ತೊಮ್ಮೆ.

‘ಮಿಸ್, ನಾವು ಬಂದ ದಾರಿ!’

ಕೂಗಿ ಹೇಳಿದ ಹೆಸರುಗಳು ಈಗ ಕಿವಿಗೆ ಬಿದ್ದವು. 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತದ ನೀರು ಈ ದಾರಿ ಹಿಡಿಯಿತು. 2024ರಲ್ಲಿ ಐದನೆಯ ಹಂತದ್ದು. ಕಾವೇರಿ ಬರುವುದಕ್ಕೂ ಮುಂಚೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಜಲಾಶಯಗಳ ಅರ್ಕಾವತಿ ನದಿಯೇ ಊರಿಗೆ ಆಧಾರವಾಗಿತ್ತು ಎಂದೆ. ಅಷ್ಟರಲ್ಲಿ ಊಟದ ಡಬ್ಬಿಗಳು ತೆರೆದುಕೊಂಡಿದ್ದವು.

ನೀರು ಕುಡಿಯುತ್ತಿದ್ದ ಹುಡುಗನೊಬ್ಬ ಬಾಟಲಿಯನ್ನು ಎತ್ತಿ ಹಿಡಿದು ನೋಡಿದ. ‘ಇದು ಇಲ್ಲಿಂದಲೇ ನಮ್ಮ ಮನೆಗೆ ಹೋಗಿ, ಬಸ್ಸಿನಲ್ಲಿ ವಾಪಸು ಬಂದಿದೆ!’ ಎಲ್ಲರೂ ತಮ್ಮ ತಮ್ಮ ಬಾಟಲಿ ನೋಡಿಕೊಂಡರು. ಟ್ಯಾಂಕರ್ ಮನೆಯ ಹುಡುಗಿ ಮಾತ್ರ ಎದ್ದು ಹೋಗಿ, ತನ್ನ ಬೋರ್‌ವೆಲ್ ನೀರನ್ನು ಹೊಂಗೆ ಗಿಡದ ಬುಡಕ್ಕೆ ಸುರಿದು, ಅಲ್ಲಿದ್ದ ನಲ್ಲಿಯಲ್ಲಿ ತುಂಬಿಸಿಕೊಂಡಳು.

ಹಿಂತಿರುಗುವಾಗ ಹಾರೋಹಳ್ಳಿಯಲ್ಲಿ ಬಸ್ಸಿನ ಕಿಟಕಿಗಳ ತುಂಬ ತಲೆಗಳು. ಆ ಹುಡುಗಿ ಬಾಟಲಿಯ ಮುಚ್ಚಳವನ್ನು ಇನ್ನೊಮ್ಮೆ ಬಿಗಿದು, ‘ಅಮ್ಮನಿಗೆ’ ಎಂದಳು.