ನಾಯಿ ಬೆಕ್ಕನ್ನು ಯಾರಿಗಾದರೂ ಒಪ್ಪಿಸಿ ವಿಮಾನದಲ್ಲಿ ಹೋಗಬಾರದೇ?

ಡಿಸೆಂಬರ್ ಬಂತೆಂದರೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಟೊರಾಂಟೋದ ಕನ್ನಡ ಸ್ನೇಹಿತರು ಕೇಳುತ್ತಾರೆ. ಶಿವಮೊಗ್ಗದಿಂದ ನಾದಿನಿ ಫೋನ್ ಮಾಡಿ ಕೇಳುತ್ತಾಳೆ: "ಅತ್ತಿಗೆ, ನಿಮಗಿಬ್ಬರಿಗೂ ವಯಸ್ಸಾಯಿತು. ಆ ಹಿಮದಲ್ಲಿ ಅಷ್ಟು ದೊಡ್ಡ ಗಾಡಿ ಓಡಿಸಿಕೊಂಡು, ಜೊತೆಗೆ ನಾಯಿ ಬೆಕ್ಕನ್ನೂ ಕಟ್ಟಿಕೊಂಡು ಹೋಗುವ ಗೋಳು ಏಕೆ? ಅವನ್ನು ಯಾರಿಗಾದರೂ ಒಪ್ಪಿಸಿ ವಿಮಾನದಲ್ಲಿ ಹೋಗಬಾರದೇ? ಅಣ್ಣನಿಗಾದರೂ ಹೇಳಿ."

ಅಣ್ಣನಿಗೆ ಹೇಳಿ ಪ್ರಯೋಜನವಿಲ್ಲ. ಆತನದೂ ನನ್ನದೇ ಉತ್ತರ. ನಾವು ಚಳಿಗಾಲದಲ್ಲಿ ದಕ್ಷಿಣಕ್ಕೆ, ಅಮೆರಿಕದ ಫ್ಲೋರಿಡಾಕ್ಕೆ, ಹೋಗುವುದೇ ಅವೆರಡರ ಸಲುವಾಗಿ. ಅವನ್ನು ಬಿಟ್ಟು ಹೋಗುವುದಾದರೆ ಹೋಗುವ ಅಗತ್ಯವೇ ನಮಗಿಲ್ಲ.

ನಮ್ಮ ಮನೆ ಇರುವುದು ಕೆನಡಾದ ಒಂಟಾರಿಯೋ ಪ್ರಾಂತ್ಯದ ಲಂಡನ್ ನಗರದಲ್ಲಿ. ಜನವರಿಯಲ್ಲಿ ಇಲ್ಲಿ ಹಗಲಿನಲ್ಲೂ ತಾಪಮಾನ ಸೊನ್ನೆಗಿಂತ ಕೆಳಗಿರುವ ದಿನಗಳೇ ಹೆಚ್ಚು. ಮನುಷ್ಯರು ಕೋಟು, ಬೂಟು, ಟೋಪಿ ಹಾಕಿಕೊಂಡು ಸುಧಾರಿಸಿಕೊಳ್ಳಬಹುದು. ನಮ್ಮ ನಾಯಿ ಬೋರನಿಗೆ ಮುಪ್ಪು. ಹಿಂಗಾಲಿನ ಕೀಲುಗಳಲ್ಲಿ ವಾತ. ರಸ್ತೆಯ ಹಿಮ ಕರಗಲೆಂದು ಸುರಿಯುವ ಉಪ್ಪು ಅವನ ಪಾದದ ಬಿರುಕುಗಳಿಗೆ ಇಳಿಯುತ್ತದೆ. ಮನೆಯಿಂದ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಒಂದು ಮುಂಗಾಲನ್ನು ಎತ್ತಿ ಹಿಡಿದು ನಿಂತುಬಿಡುತ್ತಾನೆ, ಆಮೇಲೆ ಇನ್ನೊಂದನ್ನು. ಮೂತ್ರ ಮಾಡುವುದನ್ನೂ ಮರೆತು ಬಾಗಿಲ ಕಡೆ ತಿರುಗುತ್ತಾನೆ. ಅದೇ ಬೋರ ಫ್ಲೋರಿಡಾದ ಮಣ್ಣಿನ ಮೇಲೆ ಬೆಳಿಗ್ಗೆ ಅರ್ಧ ತಾಸು ನಡೆಯುತ್ತಾನೆ, ಬಿಸಿಲಿನಲ್ಲಿ ಮೈಚಾಚಿ ಮಲಗುತ್ತಾನೆ, ಏಳುವಾಗ ನರಳುವುದಿಲ್ಲ. ಇಷ್ಟನ್ನು ಕಣ್ಣಾರೆ ಕಂಡ ಮೇಲೆ ಅವನನ್ನು ಪಂಜರದಂಥ ಬೋರ್ಡಿಂಗ್ ಕೋಣೆಯಲ್ಲಿ ಬಿಟ್ಟು ಹೋಗಲು ನನಗೆ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ಅವನನ್ನೂ ವಿಮಾನದಲ್ಲಿ ಕರೆದೊಯ್ಯಿರಿ ಎನ್ನುವವರಿದ್ದಾರೆ. ಸೀಟಿನ ಕೆಳಗೆ ಹಿಡಿಸುವ ಪುಟ್ಟ ನಾಯಿಗೆ ಅದು ಸರಿ. ದೊಡ್ಡ ನಾಯಿ ಸರಕಿನ ಜೊತೆ ಹೊಟ್ಟೆಭಾಗದಲ್ಲಿ ಹೋಗಬೇಕು, ಮತ್ತು ಕೊರೆಯುವ ಚಳಿಯಲ್ಲಿ ಹಲವು ವಿಮಾನ ಸಂಸ್ಥೆಗಳು ಹಾಗೆ ಪ್ರಾಣಿಗಳನ್ನು ಒಯ್ಯಲು ಒಪ್ಪುವುದಿಲ್ಲ. ನಿಲ್ದಾಣದ ಬಯಲಿನಲ್ಲಿ ಪೆಟ್ಟಿಗೆ ಕಾಯುತ್ತಾ ಕೂರುವ ಹೊತ್ತೇ ಅಪಾಯಕಾರಿ. ನಾವು ಹೊರಡಬೇಕಾದದ್ದು ಸರಿಯಾಗಿ ಆ ದಿನಗಳಲ್ಲೇ.

ಹಾಗಾಗಿ ಆರ್‌ವಿ. ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲವೂ ಒಳಗೇ ಇರುವ ಗಾಡಿ. ಚಳಿಗಾಲಕ್ಕೆ ದಕ್ಷಿಣಕ್ಕಿಳಿದು ವಸಂತಕ್ಕೆ ಮರಳುವ ನಮ್ಮಂಥವರನ್ನು ಇಲ್ಲಿ ಸ್ನೋಬರ್ಡ್‌ಗಳೆನ್ನುತ್ತಾರೆ. ಅರಿಜೋನಾ, ಟೆಕ್ಸಾಸ್ ಕಡೆಗೂ ಬಹಳ ಜನ ಹೋಗುತ್ತಾರೆ. ಒಂಟಾರಿಯೋದವರಿಗೆ ಹತ್ತಿರದ ದಾರಿ ಡೆಟ್ರಾಯಿಟ್ ದಾಟಿ ಐ-75 ಹೆದ್ದಾರಿ ಹಿಡಿಯುವುದು. ಓಹಾಯೋ, ಕೆಂಟಕಿ, ಟೆನೆಸೀ, ಜಾರ್ಜಿಯಾಗಳನ್ನು ಹಾದು ಅದು ಫ್ಲೋರಿಡಾಕ್ಕೆ ಇಳಿಯುತ್ತದೆ. ನಮ್ಮ ಮನೆಯಿಂದ ಮಧ್ಯ ಫ್ಲೋರಿಡಾಕ್ಕೆ ಸುಮಾರು 2,000 ಕಿಲೋಮೀಟರ್. ಎರಡೇ ದಿನದಲ್ಲಿ ಮುಗಿಸುವವರಿದ್ದಾರೆ. ನಾವು ದಿನಕ್ಕೆ 350 ಕಿಲೋಮೀಟರ್ ದಾಟುವುದಿಲ್ಲ.

ನಾನು ಬೆಳೆದದ್ದು ಹಾವೇರಿ ಜಿಲ್ಲೆಯಲ್ಲಿ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ಹಿಂಡಿನೊಂದಿಗೆ ಬೀಡುಬಿಡುತ್ತಿದ್ದ ಕುರುಬರು ಆಗತಾನೇ ಹುಟ್ಟಿದ ಮರಿಗಳನ್ನು ಕಂಬಳಿಯಲ್ಲಿ ಹೊತ್ತು, ಹಿಂಡಿನ ನಿಧಾನದ ನಡಿಗೆಗೇ ತಮ್ಮ ದಿನವನ್ನು ಹೊಂದಿಸಿಕೊಳ್ಳುತ್ತಿದ್ದರು. ಪ್ರಾಣಿಗಳ ಜೊತೆಗಿನ ಪ್ರಯಾಣಕ್ಕೆ ನಾನು ಪಾಲಿಸುವ ನಿಯಮವೂ ಅದೇ: ಗಾಡಿಯಲ್ಲಿರುವ ಎಲ್ಲಕ್ಕಿಂತ ದುರ್ಬಲ ಜೀವಕ್ಕೆ ಏನು ಸಾಧ್ಯವೋ ಅಷ್ಟೇ ಆ ದಿನದ ಪ್ರಯಾಣ.

ಕಷ್ಟದ ಭಾಗವೆಂದರೆ ಮೊದಲ ಮೂರು ದಿನ, ಹಿಮದ ಸೀಮೆ ದಾಟುವವರೆಗೆ. ಗಾಡಿಯ ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆಯಬಾರದೆಂದು ಶರತ್ಕಾಲದಲ್ಲೇ ನೀರನ್ನು ಖಾಲಿ ಮಾಡಿ, ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಸಿರುತ್ತೇವೆ. ಜಾರ್ಜಿಯಾ ತಲುಪುವವರೆಗೆ ನಲ್ಲಿ ತಿರುಗಿಸುವಂತಿಲ್ಲ. ಕುಡಿಯಲು, ಬೇಯಿಸಲು, ಬೋರನ ಬಟ್ಟಲಿಗೆ ಎಲ್ಲಕ್ಕೂ ಕ್ಯಾನುಗಳಲ್ಲಿ ಒಯ್ದ ನೀರೇ ಗತಿ. ಪ್ರಾಣಿ ಸಾಕಿದವರು ಇಲ್ಲಿ ಬಹಳ ಎಚ್ಚರದಿಂದಿರಬೇಕು. ಆರ್‌ವಿಯ ಕೊಳವೆಗೆ ಹಾಕುವ ಗುಲಾಬಿ ದ್ರವ ಸಾಮಾನ್ಯವಾಗಿ ಪ್ರೊಪಿಲೀನ್ ಗ್ಲೈಕಾಲ್. ಅದರ ವಿಷ ಕಡಿಮೆ. ಎಂಜಿನ್ ರೇಡಿಯೇಟರ್‌ಗೆ ಹಾಕುವುದು ಹೆಚ್ಚಾಗಿ ಎಥಿಲೀನ್ ಗ್ಲೈಕಾಲ್. ಅದು ರುಚಿಗೆ ಸಿಹಿ, ಮೂತ್ರಪಿಂಡಕ್ಕೆ ಯಮ. ಒಂದೆರಡು ಚಮಚ ಸಾಕು, ಬೆಕ್ಕು ಉಳಿಯುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ, ಟ್ರಕ್ಕುಗಳು ನಿಲ್ಲುವ ಬಯಲಿನಲ್ಲಿ ನೆಲದ ಮೇಲೆ ಹಸಿರು, ಕೇಸರಿ ಹನಿಗಳು ಹೊಳೆಯುತ್ತಿರುತ್ತವೆ. ನಾಯಿಯನ್ನು ಇಳಿಸುವ ಮೊದಲು ಟಾರ್ಚ್ ಹಿಡಿದು ನೆಲ ನೋಡುವುದು ನನ್ನ ಕೆಲಸ. ವಾಪಸು ಹತ್ತಿಸುವಾಗ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಬೆರಳ ಸಂದಿಗಳನ್ನೂ ಸೇರಿಸಿ ನಾಲ್ಕೂ ಪಾದಗಳನ್ನು ಒರೆಸುತ್ತೇನೆ. ಒರೆಸದಿದ್ದರೆ ಅವನೇ ನೆಕ್ಕಿಕೊಳ್ಳುತ್ತಾನೆ. ಉಪ್ಪಾಗಲಿ ದ್ರವವಾಗಲಿ ನೇರ ಹೊಟ್ಟೆಗೆ.

ಬೆಚ್ಚಗಿರುವುದು ಹೇಗೆ ಎಂದೂ ಕೇಳುತ್ತಾರೆ. ಗಾಡಿಯ ಫರ್ನೇಸ್ ಉರಿಯುವುದು ಪ್ರೊಪೇನ್ ಅನಿಲದಿಂದ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಅನಿಲವಾಗಿ ಹೊಮ್ಮುವುದರಿಂದ ನಮ್ಮ ದಾರಿಯ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ಕೈಕೊಡುವುದು ಬ್ಯಾಟರಿ. ಬಿಸಿಗಾಳಿ ಊದುವ ಫ್ಯಾನ್ ಓಡುವುದು 12 ವೋಲ್ಟ್ ಬ್ಯಾಟರಿಯಿಂದ, ಮತ್ತು ಚಳಿ ಹೆಚ್ಚಿದಷ್ಟೂ ಬ್ಯಾಟರಿಯ ಕಸುವು ಕಡಿಮೆ. ಆದ್ದರಿಂದ ಹಿಮದ ರಾತ್ರಿಗಳಲ್ಲಿ ವಿದ್ಯುತ್ ಸಂಪರ್ಕ ಸಿಗುವ ಕ್ಯಾಂಪ್‌ಗ್ರೌಂಡಿನಲ್ಲೇ ತಂಗುತ್ತೇವೆ. ಉತ್ತರದ ಹಲವು ಕ್ಯಾಂಪ್‌ಗ್ರೌಂಡುಗಳು ಅಕ್ಟೋಬರ್‌ಗೇ ಬಾಗಿಲು ಹಾಕುತ್ತವೆ. ಲೆಕ್ಸಿಂಗ್ಟನ್ ಬಳಿಯ ಕೆಂಟಕಿ ಹಾರ್ಸ್ ಪಾರ್ಕ್‌ನದು ವರ್ಷವಿಡೀ ತೆರೆದಿರುತ್ತದೆ, ಹಗ್ಗ ಹಾಕಿದ ನಾಯಿಗೆ ಅಡ್ಡಿಯಿಲ್ಲ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿಯುತ್ತದೆ. ನೆಲದ ಮೇಲೆ ಮಲಗುವವನು ಬೋರ. ಅನಿಲ ಸೋರಿಕೆ ಮತ್ತು ಕಾರ್ಬನ್ ಮೊನಾಕ್ಸೈಡ್ ಎರಡರ ಎಚ್ಚರಿಕೆ ಗಂಟೆಗಳನ್ನೂ ಹೊರಡುವ ಮುನ್ನ ಗುಂಡಿ ಒತ್ತಿ ಪರೀಕ್ಷಿಸದೆ ನಾವು ಎಂಜಿನ್ ಹಚ್ಚುವುದಿಲ್ಲ.

ನಮ್ಮ ಬೆಕ್ಕು ಚಿನ್ನಿಯ ವಿಷಯವೇ ಬೇರೆ. ಬೆಕ್ಕಿಗೆ ಊರು ಬದಲಾಗುವುದು ಇಷ್ಟವಿಲ್ಲ, ಆದರೆ ತನ್ನ ವಾಸನೆಯಿರುವ ಮೂಲೆ ಸಿಕ್ಕರೆ ಒಗ್ಗಿಕೊಳ್ಳುತ್ತದೆ. ಗಾಡಿ ಓಡುವಾಗ ಅವಳು ಊಟದ ಮೇಜಿನ ಕೆಳಗೆ ಪಟ್ಟಿ ಬಿಗಿದ ಪೆಟ್ಟಿಗೆಯಲ್ಲಿ, ನನ್ನ ಹಳೆಯ ಶಾಲಿನ ಮೇಲೆ ಇರುತ್ತಾಳೆ. ಅವಳ ಮಲಮೂತ್ರಕ್ಕೆ ಇಡುವ ಮರಳಿನ ತಟ್ಟೆಗೆ ಸ್ನಾನದ ತೊಟ್ಟಿಯೇ ಜಾಗ. ಬಿಟ್ಟುಬಿಟ್ಟರೆ ಬ್ರೇಕ್ ಪೆಡಲಿನ ಕೆಳಗೆ ನುಸುಳಬಲ್ಲ ಪ್ರಾಣಿ ಅದು. ಇನ್ನೂ ದೊಡ್ಡ ಅಪಾಯ ಗಾಡಿ ನಿಂತ ಮೇಲೆ. ಇಂದಿನ ಅನೇಕ ಆರ್‌ವಿಗಳಲ್ಲಿ ಒಂದು ಪಕ್ಕದ ಗೋಡೆ ಮೋಟಾರಿನಿಂದ ಹೊರಕ್ಕೆ ಸರಿದು ಕೋಣೆಯನ್ನು ದೊಡ್ಡದು ಮಾಡುತ್ತದೆ. ಹೊರಡುವಾಗ ಮತ್ತೆ ಒಳಗೆ ಸರಿಯುತ್ತದೆ. ಆ ಗೋಡೆಯ ಹಿಂದಿನ ಸಂದು ಕತ್ತಲೆಯಾಗಿ, ಬೆಚ್ಚಗಿರುತ್ತದೆ. ಬೆಕ್ಕಿಗೆ ಬೇಕಾದದ್ದೂ ಅಂಥ ಜಾಗವೇ. ಗುಂಡಿ ಒತ್ತುವವನಿಗೆ ಒಳಗಿರುವುದು ಕಾಣುವುದಿಲ್ಲ. ನಮ್ಮಲ್ಲಿ ಚಿನ್ನಿಯ ಪೆಟ್ಟಿಗೆಯ ಬಾಗಿಲು ಹಾಕಿದೆ, ಅವಳು ಒಳಗಿದ್ದಾಳೆ ಎಂದು ನಾನು ಬಾಯಿಬಿಟ್ಟು ಹೇಳುವವರೆಗೆ ನನ್ನ ಗಂಡ ಆ ಗುಂಡಿಯನ್ನು ಮುಟ್ಟುವಂತಿಲ್ಲ.

ಗಡಿ ದಾಟುವ ಕಾಗದಪತ್ರ ಈಗ ಮೊದಲಿಗಿಂತ ಹೆಚ್ಚು. 2024ರ ಆಗಸ್ಟ್ 1ರಿಂದ ಅಮೆರಿಕಕ್ಕೆ ಬರುವ ಪ್ರತಿ ನಾಯಿಗೂ ಕನಿಷ್ಠ ಆರು ತಿಂಗಳ ವಯಸ್ಸಾಗಿರಬೇಕು, ಮೈಕ್ರೋಚಿಪ್ ಇರಬೇಕು, ಮತ್ತು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿ ರಸೀದಿ ತೋರಿಸಬೇಕು. ಎಳೆಯ ಮರಿ ತಂದುಕೊಂಡವರು ಆ ವರ್ಷ ಪ್ರಯಾಣದ ಆಸೆ ಬಿಡುವುದೇ ಸರಿ. ರೇಬೀಸ್ ಲಸಿಕೆಯ ಪ್ರಮಾಣಪತ್ರ ನಾಯಿಗೂ ಬೆಕ್ಕಿಗೂ ಇಟ್ಟುಕೊಳ್ಳಿ: ಕ್ಯಾಂಪ್‌ಗ್ರೌಂಡಿನವರು ಕೇಳುತ್ತಾರೆ, ಮರಳಿ ಕೆನಡಾ ಪ್ರವೇಶಿಸುವಾಗಲೂ ಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಪಾಸ್‌ಪೋರ್ಟ್‌ಗಳ ಜೊತೆಗೇ ಇಡಿ, ಅಷ್ಟೇ.

ದಾರಿಯಲ್ಲಿ ನಾನು ಗಂಭೀರವಾಗಿ ತೆಗೆದುಕೊಳ್ಳುವ ಜಾಗಗಳು ಎರಡು. ಒಂದು, ಕೆಂಟಕಿ–ಟೆನೆಸೀ ಗಡಿಯ ಜೆಲಿಕೊ ಬೆಟ್ಟ. ಹಿಮದ ಮುನ್ಸೂಚನೆ ಇದ್ದರೆ ಕೆಂಟಕಿಯಲ್ಲೇ ಒಂದು ದಿನ ಉಳಿಯುತ್ತೇವೆ. ಇನ್ನೊಂದು, ನಾಕ್ಸ್‌ವಿಲ್ ದಾಟಿದ ಮೇಲೆ ಕ್ಯಾಲ್‌ಹೂನ್ ಬಳಿ ಹೈವಾಸೀ ನದಿಯ ಕಣಿವೆ. 1990ರ ಡಿಸೆಂಬರ್ 11ರ ಬೆಳಿಗ್ಗೆ ಅಲ್ಲಿ ದಟ್ಟ ಮಂಜಿನಲ್ಲಿ 99 ವಾಹನಗಳು ಒಂದಕ್ಕೊಂದು ಡಿಕ್ಕಿ ಹೊಡೆದು 12 ಜನ ಸತ್ತರು. ಆಮೇಲೆ ಅಲ್ಲಿ ಮಂಜು ಪತ್ತೆ ಮಾಡುವ ಸಾಧನಗಳು, ಎಚ್ಚರಿಕೆ ಫಲಕಗಳು ಬಂದಿವೆ. ಆದರೂ ನಾನು ಆ ಕಣಿವೆಯನ್ನು ಬಿಸಿಲೇರಿದ ಮೇಲೆಯೇ ದಾಟಲು ಬಯಸುತ್ತೇನೆ, ಮತ್ತು ಹಾಗೆ ಮಾಡಿಸುವವನು ಬೋರ. ಅವನು ಎದ್ದು, ಕೀಲು ಸಡಿಲವಾಗಿ, ನಡೆದು, ತಿಂದು, ಮಾತ್ರೆ ನುಂಗಿ ಮುಗಿಸುವಷ್ಟರಲ್ಲಿ ಹತ್ತು ಗಂಟೆಯಾಗಿರುತ್ತದೆ. ನಾಯಿಯಿಂದ ಪ್ರಯಾಣ ತಡವಾಗುತ್ತದೆ ಎನ್ನುವವರಿಗೆ ನಾನು ಈ ಕಣಿವೆಯ ಕಥೆ ಹೇಳುತ್ತೇನೆ. ಚಳಿಗಾಲದಲ್ಲಿ ಬೇಗ ಹೊರಡದಿರುವುದು, ಕತ್ತಲಾಗುವ ಮುನ್ನ ನಿಲ್ಲಿಸುವುದು, ಎರಡು ತಾಸಿಗೊಮ್ಮೆ ಇಳಿದು ನಡೆಯುವುದು ನಮ್ಮ ವಯಸ್ಸಿನ ಚಾಲಕರಿಗೂ ಬೇಕು. ಅವನಿಲ್ಲದಿದ್ದರೆ ನಾವು ಇಷ್ಟು ಕಟ್ಟುನಿಟ್ಟಾಗಿ ಇದನ್ನು ಪಾಲಿಸುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಫ್ಲೋರಿಡಾ ಮುಟ್ಟಿದ ಮೇಲೆ ಚಿಂತೆ ಮುಗಿಯಿತು ಎಂದುಕೊಳ್ಳಬೇಡಿ. ಬಗೆ ಬದಲಾಗುತ್ತದೆ, ಅಷ್ಟೇ. ಸೊಳ್ಳೆಯಿಂದ ಹರಡುವ ಹಾರ್ಟ್‌ವರ್ಮ್ ಎಂಬ ಹುಳು ನಾಯಿಯ ಹೃದಯ, ಶ್ವಾಸಕೋಶದ ನಾಳಗಳಲ್ಲಿ ಬೆಳೆಯುತ್ತದೆ. ಒಂಟಾರಿಯೋದಲ್ಲಿ ಅದರ ಮಾತ್ರೆಯನ್ನು ಸಾಮಾನ್ಯವಾಗಿ ಬೇಸಿಗೆಯಿಂದ ಶರತ್ಕಾಲದವರೆಗೆ ಕೊಟ್ಟು ನಿಲ್ಲಿಸುತ್ತಾರೆ. ಫ್ಲೋರಿಡಾದಲ್ಲಿ ಸೊಳ್ಳೆಗೆ ರಜೆಯಿಲ್ಲ, ಮಾತ್ರೆ ಪ್ರತಿ ತಿಂಗಳೂ ನಡೆಯಬೇಕು. ಹೊರಡುವ ಮುನ್ನ ಪಶುವೈದ್ಯರಿಗೆ ಎಲ್ಲಿಗೆ ಹೋಗುತ್ತಿದ್ದೀರೆಂದು ಹೇಳಿದರೆ ಅವರೇ ಬರೆದುಕೊಡುತ್ತಾರೆ.

ಗೇನ್ಸ್‌ವಿಲ್ ಬಳಿ, ಐ-75ಕ್ಕೆ ಹೊಂದಿಕೊಂಡಂತೆ ಪೇನ್ಸ್ ಪ್ರೇರೀ ಎಂಬ ರಾಜ್ಯ ಉದ್ಯಾನವಿದೆ. ಅಲ್ಲಿನ ಲಾ ಚುವಾ ಕಾಲುದಾರಿಯ ಅಂಚಿನಲ್ಲಿ ಚಳಿಗಾಲದ ಬಿಸಿಲಿಗೆ ಮೊಸಳೆಗಳು, ಅಂದರೆ ಅಲಿಗೇಟರ್‌ಗಳು, ದಡಕ್ಕೆ ಬಂದು ಮಲಗಿರುತ್ತವೆ. ಬಾಯಿ ತೆರೆದು ಅಲುಗಾಡದೆ ಬಿದ್ದಿರುವ ಅವುಗಳ ಬೆನ್ನಿನ ಮೇಲೆ ಒಣಗಿದ ಕೆಸರು ಬಿರಿದಿರುತ್ತದೆ. ಆ ದಾರಿಯಲ್ಲಿ ನಾಯಿಗಳಿಗೆ ಪ್ರವೇಶವಿಲ್ಲ, ಇರಕೂಡದು. ನಾವಿಬ್ಬರೂ ಸರದಿಯ ಮೇಲೆ ಹೋಗಿಬರುತ್ತೇವೆ, ಒಬ್ಬರು ಕ್ಯಾಂಪ್‌ಗ್ರೌಂಡಿನಲ್ಲಿ ಬೋರನ ಜೊತೆ. ಫ್ಲೋರಿಡಾದಲ್ಲಿ ಕೆರೆ, ಕಾಲುವೆ, ಹೊಂಡ ಯಾವುದೇ ಸಿಹಿನೀರಿನ ಅಂಚಿಗೆ ನಾಯಿಯನ್ನು ಬಿಡಬೇಡಿ. ಗಾಲ್ಫ್ ಮೈದಾನದ ಅಂದವಾದ ಕೊಳವಾದರೂ ಸರಿ, ಬೇಡ.

ಮತ್ತೆ ಸೆಖೆ. ಹಿಮದಿಂದ ಬಂದವರಿಗೆ 24 ಡಿಗ್ರಿ ಹಿತವೆನಿಸುತ್ತದೆ. ಬಿಸಿಲಿನಲ್ಲಿ ನಿಂತ, ಕಿಟಕಿ ಮುಚ್ಚಿದ ವಾಹನದೊಳಗೆ ಅದೇ ಹವೆ ಹತ್ತು ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ. ಆರ್‌ವಿಯಲ್ಲಿ ಎಸಿ ಇದೆಯಲ್ಲ ಎಂದರೆ, ಕ್ಯಾಂಪ್‌ಗ್ರೌಂಡಿನ ಕರೆಂಟು ಹೋದಾಗ ಎಸಿಯೂ ನಿಲ್ಲುತ್ತದೆ. ಒಳಗಿನ ತಾಪಮಾನ ಮಿತಿ ಮೀರಿದರೆ ಮೊಬೈಲಿಗೆ ಸಂದೇಶ ಕಳಿಸುವ ಪುಟ್ಟ ಸಾಧನಗಳು ಸಿಗುತ್ತವೆ. ಕ್ಯಾಂಪ್‌ಗ್ರೌಂಡಿನ ವೈಫೈಯನ್ನು ನೆಚ್ಚದೆ ಸ್ವಂತ ಸಿಮ್ ಇರುವುದನ್ನು ಕೊಳ್ಳಿ. ಅದು ಇದ್ದರೂ ನಾವು ಹತ್ತು ನಿಮಿಷದಲ್ಲಿ ಮರಳಲಾಗದಷ್ಟು ದೂರ ಹೋಗುವುದಿಲ್ಲ.

ಖರ್ಚಿನ ಮಾತು ಬಂದರೆ ವಿಮಾನವೇ ಅಗ್ಗ. ಇಂಧನ, ಕ್ಯಾಂಪ್‌ಗ್ರೌಂಡಿನ ಬಾಡಿಗೆ, ವಿಮೆ ಎಲ್ಲ ಸೇರಿದರೆ ಹಣ ಉಳಿಸಲೆಂದು ಯಾರೂ ಈ ದಾರಿ ಹಿಡಿಯಬಾರದು.

ಇಷ್ಟೆಲ್ಲ ಕೇಳಿದ ಮೇಲೆ ನಾದಿನಿಯ ಮುಂದಿನ ಪ್ರಶ್ನೆ: "ಹಾಗಾದರೆ ಎಲ್ಲರೂ ಕರೆದುಕೊಂಡು ಹೋಗಬಹುದೇ, ಅತ್ತಿಗೆ?" ಇಲ್ಲ. ಮೊದಲು ಮನೆಯಂಗಳದಲ್ಲೇ ಗಾಡಿಯೊಳಗೆ ಅವುಗಳಿಗೆ ಊಟ ಹಾಕಿ, ಅಲ್ಲೇ ಮಲಗಿಸಿ. ಆಮೇಲೆ ಅಕ್ಟೋಬರ್‌ನಲ್ಲಿ ಊರ ಹತ್ತಿರವೇ ಎರಡು ರಾತ್ರಿ ತಂಗಿ ನೋಡಿ. ನಾಯಿಗಳು ಬಹುಮಟ್ಟಿಗೆ ಹೊಂದಿಕೊಳ್ಳುತ್ತವೆ. ಬೆಕ್ಕನ್ನು ಗಮನಿಸಿ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯವಾಗಬಹುದು. ಅಂಗಳದ ಗಾಡಿಯಲ್ಲೇ ಒಂದು ದಿನವಿಡೀ ತಟ್ಟೆ ಮುಟ್ಟದ ಬೆಕ್ಕನ್ನು 2,000 ಕಿಲೋಮೀಟರ್ ಒಯ್ಯಬೇಡಿ. ಅದಕ್ಕೆ ಗುರುತಿನವರು ಯಾರಾದರೂ ನಿಮ್ಮ ಮನೆಯಲ್ಲೇ ಬಂದು ಉಳಿಯುವಂತೆ ಏರ್ಪಾಡು ಮಾಡಿ. ಯಾರೂ ಸಿಗದಿದ್ದರೆ ಆ ವರ್ಷ ನೀವೂ ಮನೆಯಲ್ಲೇ ಇರಿ.