ಬಾಗಿಲಾಚೆ ನಿಂತು ಕೇಳಿದ ಟ್ಯೂಬಾ

ಆಡೋರ್ಫ್ ನಿಲ್ದಾಣದಲ್ಲಿ ಇಳಿದಾಗ ನವೆಂಬರ್ ತಿಂಗಳ ಜಿಟಿಜಿಟಿ ಮಳೆ. ಮಗಳಿಗೆ ಟ್ಯೂಬಾ, ಅಂದರೆ ಊದುವ ದೊಡ್ಡ ಹಿತ್ತಾಳೆ ವಾದ್ಯ, ಕೊಳ್ಳಲು ಹೊರಟಿದ್ದೆವು. ಬೆಳಿಗ್ಗೆ ನ್ಯೂರೆಂಬರ್ಗ್ ಬಿಟ್ಟವರು ಹೋಫ್‌ನಲ್ಲಿ ಒಮ್ಮೆ, ಪ್ಲೌಎನ್‌ನಲ್ಲಿ ಇನ್ನೊಮ್ಮೆ ರೈಲು ಬದಲಿಸಿದ್ದೆವು. ಪ್ಲೌಎನ್ ದಾಟಿದ ಮೇಲೆ ರೈಲು ಎಲ್ಸ್ಟರ್ ಹೊಳೆಯ ಮಗ್ಗುಲಲ್ಲೇ ಬಳುಕುತ್ತಾ ಹೋಗುತ್ತದೆ. ಮಗಳ ಚೀಲದಲ್ಲಿ ಮೂರೇ ಸಾಮಾನು. ಚಿತ್ರಾನ್ನದ ಡಬ್ಬಿ, ಶ್ರುತಿ ನೋಡುವ ಟ್ಯೂನರ್, ಉಣ್ಣೆಯ ಕಾಲುಚೀಲದಲ್ಲಿ ಸುತ್ತಿಟ್ಟ ಅವಳ ಮೌತ್‌ಪೀಸ್, ಅಂದರೆ ತುಟಿಗಿಟ್ಟು ಊದುವ ತುದಿ. "ಬೇರೆ ಏನು ಮರೆತರೂ ಇದನ್ನು ಮರೆಯಬೇಡ" ಎಂದು ಅವಳ ಟೀಚರ್ ಹೇಳಿ ಕಳಿಸಿದ್ದರು. ತುಟಿಗೆ ಪಳಗಿದ ಮೌತ್‌ಪೀಸ್ ಇಲ್ಲದೆ ಹೊಸ ವಾದ್ಯ ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ.

ಅಲ್ಲಿಂದ ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ಮಾರ್ಕ್‌ನಾಯ್‌ಕಿರ್ಷೆನ್. ಜರ್ಮನಿಯ ಸ್ಯಾಕ್ಸನಿ ರಾಜ್ಯದ ಒಂದು ಮೂಲೆ, ಚೆಕ್ ಗಡಿಯ ಪಕ್ಕ. ಹೊರಗಿನಿಂದ ನೋಡಿದರೆ ಸುಮ್ನೆ ಒಂದು ಮಲಗಿದ ಊರು. ಆದರೆ ಬೀದಿಯಲ್ಲಿ ನಡೆಯುತ್ತಾ ಬಾಗಿಲ ಮೇಲಿನ ಫಲಕ ಓದಿ: ಇಲ್ಲಿ ಪಿಟೀಲು, ಅಲ್ಲಿ ಪಿಟೀಲಿನ ಕಮಾನು, ಆಚೆ ಮನೆಯಲ್ಲಿ ಟ್ರಂಪೆಟ್. ಗಡಿಯಾಚೆಯ ಬೊಹೇಮಿಯಾದಲ್ಲಿ, ಅಂದರೆ ಇಂದಿನ ಚೆಕ್ ನಾಡಿನಲ್ಲಿ, ತಮ್ಮ ಧರ್ಮದಂತೆ ಬದುಕಲು ಬಿಡದಿದ್ದಾಗ ಗಡಿ ದಾಟಿ ಬಂದ ಪ್ರಾಟೆಸ್ಟೆಂಟ್ ಕಸುಬುದಾರರು ಇಲ್ಲಿ ನೆಲೆ ನಿಂತರು. 1677ರಲ್ಲಿ ಅವರಲ್ಲಿ 12 ಮಂದಿ ಪಿಟೀಲು ಮಾಡುವವರು ಸಂಘ ಕಟ್ಟಿಕೊಂಡರು. ಆಮೇಲೆ ಹಿತ್ತಾಳೆ ವಾದ್ಯದವರೂ ಬೆಳೆದರು. ಇಲ್ಲಿಂದ ಎಷ್ಟು ಮಾಲು ಹೊರದೇಶಕ್ಕೆ ಹೋಗುತ್ತಿತ್ತೆಂದರೆ, 1893ರಿಂದ 1916ರವರೆಗೆ ಅಮೆರಿಕ ಈ ಪುಟ್ಟ ಊರಿನಲ್ಲಿ ತನ್ನ ಕಾನ್ಸುಲರ್ ಕಚೇರಿಯನ್ನೇ ಇಟ್ಟಿತ್ತು.

ನಾನು ಮೈಸೂರಿನವನು. ಟ್ಯೂಬಾದಂಥ ದನಿ ನನ್ನ ಕಿವಿಗೆ ಮೊದಲು ಬಿದ್ದದ್ದು ದಸರಾ ಮೆರವಣಿಗೆಯಲ್ಲಿ, ಅಪ್ಪನ ಹೆಗಲ ಮೇಲೆ ಕೂತು ಪೊಲೀಸ್ ಬ್ಯಾಂಡ್ ನೋಡುವಾಗ. ಆ ದನಿ ಕಿವಿಗಿಂತ ಮೊದಲು ಎದೆಗೆ ತಟ್ಟುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸಿದವರಲ್ಲಿ ಆಟೋ ಶ್ಮಿಟ್ ಎಂಬ ಜರ್ಮನ್ನರೂ ಇದ್ದರು. ಅದೆಲ್ಲ ನೆನಪಾಗಿ ಮಗಳಿಗೆ ಹೇಳುತ್ತಾ ನಡೆದೆ. ಅವಳ ಗಮನವೆಲ್ಲ ಮನೆ ನಂಬರುಗಳ ಮೇಲಿತ್ತು.

ನಾವು ಹುಡುಕಿಕೊಂಡು ಹೋದದ್ದು ಟ್ಯೂಬಾ ಮಾಡುವ, ಮೂರೇ ಜನ ಕೆಲಸ ಮಾಡುವ ಜಾಗ. ಮಾಲೀಕರನ್ನು ಇಲ್ಲಿ ಮೈಸ್ಟರ್ ಅನ್ನುತ್ತಾರೆ. ನಮ್ಮ ಮೇಸ್ತ್ರಿ ಇದ್ದ ಹಾಗೇ, ಅಲ್ವಾ? ಎಪ್ಪತ್ತರ ಹತ್ತಿರದ ಮನುಷ್ಯ, ದಪ್ಪ ಬೆರಳು, ಚರ್ಮದ ಏಪ್ರನ್. ನಮ್ಮನ್ನು ಕೂರಿಸುವ ಮೊದಲು ಬೆಂಚಿನ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಒಂದು ಬೆಲ್, ಅಂದರೆ ಟ್ಯೂಬಾದ ಅಗಲ ಬಾಯಿ, ಅರ್ಧ ಆಗಿ ನಿಂತಿತ್ತು.

ಅದನ್ನು ಹತ್ತಿರದಿಂದ ನೋಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಿತ್ತಾಳೆ ತಗಡನ್ನು ಅಳತೆಗೆ ಕತ್ತರಿಸುತ್ತಾರೆ. ಕೂಡುವ ಅಂಚನ್ನು ಹಲ್ಲುಹಲ್ಲಾಗಿ ಮಾಡಿ, ಒಂದಕ್ಕೊಂದು ಕಚ್ಚಿಸಿ ಬೆಸೆಯುತ್ತಾರೆ. ಆಮೇಲೆ ಕಬ್ಬಿಣದ ಅಚ್ಚಿನ ಮೇಲೆ ಸುತ್ತಿಗೆ ಪೆಟ್ಟು. ಬಡಿದಷ್ಟೂ ಹಿತ್ತಾಳೆ ಗಡುಸಾಗುತ್ತದೆ. ಗಡುಸಾದದ್ದನ್ನು ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಬಡಿಯಬೇಕು. ಮೇಸ್ತ್ರಿ ನನ್ನ ಬೆರಳು ಹಿಡಿದು ಆ ಬೆಸುಗೆಯ ಮೇಲೆ ಎಳೆದರು. ಕಣ್ಣಿಗೆ ಗರಗಸದ ಹಲ್ಲಿನಂಥ ತೆಳು ಗೆರೆ ಕಾಣುತ್ತಿತ್ತು, ಬೆರಳಿಗೆ ಏನೂ ತಾಗಲಿಲ್ಲ.

ಮಗಳಿಗೆ ಬೇಕಾಗಿದ್ದು ಎಫ್ ಟ್ಯೂಬಾ, ಅಂದರೆ ಎಫ್ ಸ್ವರದ ಶ್ರುತಿಗೆ ಮಾಡಿದ್ದು. ಮೂರು ವರ್ಷದಿಂದ ಅವಳು ಸಂಗೀತ ಶಾಲೆಯ ಬಾಡಿಗೆಯ ಬಿ-ಫ್ಲ್ಯಾಟ್ ಟ್ಯೂಬಾ ನುಡಿಸುತ್ತಿದ್ದಾಳೆ. ಅದರ ಕೊಳವೆ ಬಿಚ್ಚಿ ಉದ್ದಕ್ಕೆ ಹಿಡಿದರೆ ಸುಮಾರು 18 ಅಡಿ. ಎಫ್‌ನದ್ದು 12 ಅಡಿ. ಜರ್ಮನಿಯಲ್ಲಿ ಒಬ್ಬರೇ ನುಡಿಸುವ ಕೃತಿಗಳಿಗೆ ಜಾಸ್ತಿ ಬಳಸುವುದು ಎಫ್. 1835ರ ಸೆಪ್ಟೆಂಬರ್ 12ರಂದು ಬರ್ಲಿನ್‌ನ ವೀಪ್ರೆಕ್ಟ್ ಮತ್ತು ಮೊರಿಟ್ಸ್ ಪೇಟೆಂಟ್ ಪಡೆದ ಮೊದಲ ಟ್ಯೂಬಾ ಕೂಡ ಎಫ್ ಶ್ರುತಿಯದ್ದೇ.

ಒಳಕೋಣೆಯಲ್ಲಿ ಮೂರು ಎಫ್ ಟ್ಯೂಬಾಗಳು ಕಾಯುತ್ತಿದ್ದವು. ಒಂದು ಸಾದಾ ಹಳದಿ ಹಿತ್ತಾಳೆಯದು, ಐದು ವಾಲ್ವ್ (ಒತ್ತಿದರೆ ಗಾಳಿಯ ದಾರಿ ಬದಲಿಸುವ ಕೀಲಿ). ಇನ್ನೊಂದು ತಾಮ್ರ ಜಾಸ್ತಿ ಇರುವ ಗೋಲ್ಡ್ ಬ್ರಾಸ್, ಆರು ವಾಲ್ವ್. ಮೂರನೆಯದು ಯಾರೋ ನುಡಿಸಿ ಮಾರಿದ ಹಳೆಯದು. ಮೇಸ್ತ್ರಿ ಮೊದಲು ವಾಲ್ವ್ ನೋಡುವುದನ್ನು ಕಲಿಸಿದರು. ವಾಲ್ವ್ ಒತ್ತದೆ ಅದರ ಸ್ಲೈಡ್, ಅಂದರೆ ಜಾರಿಸಬಹುದಾದ ಕೊಳವೆ, ಹೊರಗೆ ಎಳೆಯಬೇಕು, ಸ್ವಲ್ಪ ಹೊತ್ತು ಬಿಟ್ಟು ಒತ್ತಬೇಕು. ಪಟ್ ಅಂತ ಸದ್ದು ಬಂದರೆ ಗಾಳಿ ಸೋರುತ್ತಿಲ್ಲ ಎಂದು ಅರ್ಥ. ಹಳೆಯದರ ಎರಡನೇ ವಾಲ್ವ್ ತುಟಿಪಿಟಿಕ್ ಅನ್ನಲಿಲ್ಲ. ಮೇಸ್ತ್ರಿಯೇ ಅದನ್ನು ಪಕ್ಕಕ್ಕಿಟ್ಟರು. ಮಾರುವವರೇ ಹೀಗೆ ಮಾಡಿದ್ದು ನೋಡಿ ನನ್ನ ಮನಸ್ಸು ಹಗುರಾಯಿತು. ಇದಕ್ಕೆ ಮೊದಲು ಒಂದು ಕಡೆ ಸೋರುವ ವಾದ್ಯವನ್ನು ಹೊಳಪು ಮಾಡಿ ತೋರಿಸಿದ್ದರು. ಅಂದು ನಮಗೆ ಈ ಪರೀಕ್ಷೆ ಗೊತ್ತಿರಲಿಲ್ಲ. ಟೀಚರ್ ಜೊತೆಗೆ ಇದ್ದದ್ದಕ್ಕೆ ಬಚಾವಾದೆವು.

ಮಗಳಿಗೆ ಗೋಲ್ಡ್ ಬ್ರಾಸ್ ಮೇಲೆ ಆಗಲೇ ಮನಸ್ಸಾಗಿತ್ತು. ಕೆಂಪುಮಿಶ್ರಿತ ಬಣ್ಣ, ಕೋಣೆ ತುಂಬುವ ಮೆತ್ತನೆ ದನಿ. "ಅಪ್ಪಾ, ಇದೇ" ಎಂದಳು.

ಮೇಸ್ತ್ರಿ ನನ್ನ ಕಡೆ ತಿರುಗಿದರು. "ನೀವು ನುಡಿಸ್ತೀರಾ?" ಇಲ್ಲ ಎಂದೆ. "ಒಳ್ಳೆಯದಾಯಿತು. ಹೊರಗೆ ಹೋಗಿ, ಬಾಗಿಲು ಅರ್ಧ ತೆರೆದಿಡಿ, ಕಣ್ಣು ಮುಚ್ಚಿ. ಯಾವುದು ನುಡಿಸುತ್ತಿದ್ದಾಳೆ ಅಂತ ನಿಮಗೆ ಹೇಳುವುದಿಲ್ಲ."

ನುಡಿಸುವವರ ಕಿವಿಯ ಪಕ್ಕದಲ್ಲೇ ಬೆಲ್ ಇರುತ್ತದೆ. ಅವರಿಗೆ ಕೇಳುವುದು ಒಂದು, ಸಭೆಯ ಕೊನೇ ಸಾಲಿಗೆ ಕೇಳುವುದು ಇನ್ನೊಂದು. ಅದು ಅವರ ವಿವರಣೆ.

ನಾನು ಓಣಿಯಂಥ ಜಾಗದ ತುದಿಗೆ ಹೋಗಿ ಕೋಟುಗಳ ನಡುವೆ ನಿಂತೆ. ಸುಮಾರು ಒಂದು ಗಂಟೆ ಹಾಗೇ ಕೇಳಿದೆ. ಮೆಲ್ಲಗೆ ಎಳೆದ ಉದ್ದ ಸ್ವರಗಳು, ಆಮೇಲೆ ಮೆಟ್ಟಿಲು ಇಳಿದಂತೆ ಒಂದೊಂದೇ ಕೆಳಗೆ. ಕೆಳಗಿನ ಸಿ ಸ್ವರ ಬಂದಾಗಲೆಲ್ಲ ಮೇಸ್ತ್ರಿ "ಮತ್ತೊಮ್ಮೆ" ಅನ್ನುತ್ತಿದ್ದರು. ಜರ್ಮನ್ ಮಾದರಿಯ ಎಫ್ ಟ್ಯೂಬಾಗಳು ಎಡವುವ ಜಾಗ ಅದು. ಉಸಿರು ಹೋಗುತ್ತದೆ, ದನಿ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಒಂದು ವಾದ್ಯದಲ್ಲಿ ಆ ಸಿ ಮಾತಿನ ಕೊನೇ ಅಕ್ಷರ ನುಂಗಿದ ಹಾಗೆ ಕೇಳಿತು. ಇನ್ನೊಂದರಲ್ಲಿ ಗೋಡೆ ಸುತ್ತಿ ಬಂದು ನನ್ನ ಪಾದದ ಕೆಳಗಿನ ಹಲಗೆ ನಡುಗಿತು. ದಸರಾ ಬೀದಿಯಲ್ಲಿ ಎದೆಗೆ ತಟ್ಟಿದ್ದು ಇದೇ.

ಒಳಗೆ ಬಂದು "ಎರಡನೆಯದಾಗಿ ನುಡಿಸಿದ್ದು" ಎಂದೆ. ಅದು ಹಳದಿಯದು. ಮಗಳು ಒಂದು ನಿಮಿಷ ಸುಮ್ಮನಿದ್ದಳು. ಆಮೇಲೆ ಟ್ಯೂನರ್ ನೋಡಿ ಬರೆದುಕೊಂಡಿದ್ದ ಚೀಟಿ ನನ್ನ ಮುಂದೆ ಹಿಡಿದಳು. ಅದರಲ್ಲೂ ಶ್ರುತಿ ಕಡಿಮೆ ತಪ್ಪಿದ್ದು ಹಳದಿಯದರಲ್ಲೇ. "ಒಳಗೆ ನನಗೆ ಅದು ಸಣ್ಣ ದನಿ ಅನ್ನಿಸ್ತು ಅಪ್ಪಾ" ಎಂದಳು. ಈಗ ನಾನು ನುಡಿಸುತ್ತೇನೆ ಎನ್ನುವಂತೆ ಮೇಸ್ತ್ರಿ ಅದನ್ನು ಎತ್ತಿಕೊಂಡರು. ಅವಳನ್ನು ಕೋಟುಗಳ ನಡುವೆ ನಿಲ್ಲಿಸಿ ಅವರೇ ನುಡಿಸಿದರು. ವಾಪಸ್ ಬಂದಾಗ ಅವಳ ಕಣ್ಣೇ ಉತ್ತರ ಹೇಳಿತು.

ಆದರೆ ಆ ದಿನ ತೆಗೆದುಕೊಂಡು ಬರಲಿಲ್ಲ. ಮಗಳು ಕುಳ್ಳಿ. ನೆಟ್ಟಗೆ ಕೂತರೆ ಮೌತ್‌ಪೀಸ್ ಅವಳ ಮೂಗಿನ ಮಟ್ಟಕ್ಕೆ ಬರುತ್ತಿತ್ತು. ಕತ್ತು ಚಾಚಿದರೆ ಉಸಿರು ಕಟ್ಟುತ್ತದೆ. ಮೇಸ್ತ್ರಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ತೊಡೆಯಿಂದ ತುಟಿಗೆ ಟೇಪು ಹಿಡಿದು ಅಳೆದರು. ದರ್ಜಿ ಅಳತೆ ತೆಗೆದ ಹಾಗೇ ಇತ್ತು. ಇದೇ ಮಾದರಿಯ ಹೊಸದನ್ನು ಮಾಡಿ, ಮೌತ್‌ಪೀಸ್ ಕೂರುವ ಕೊಳವೆಯನ್ನು ಅವಳ ಎತ್ತರಕ್ಕೆ ಬೆಸೆಯುತ್ತೇನೆ, ಹೆಬ್ಬೆರಳ ಉಂಗುರವನ್ನೂ ಹತ್ತಿರ ತರುತ್ತೇನೆ ಎಂದರು. ಇಂಥ ಸಣ್ಣ ಕಾರ್ಯಾಗಾರ ಹುಡುಕಿಕೊಂಡು ಬರುವುದು ಇದಕ್ಕೇ. ಬೆಲೆ ಕೇಳಿದರೆ ಸಣ್ಣ ಕಾರಿನ ದುಡ್ಡು, ಶೇಕಡಾ 19ರ ತೆರಿಗೆ ಸೇರಿ. ನಾವು ಮೂರು ವರ್ಷದಿಂದ ಕೂಡಿಟ್ಟದ್ದು ಅಷ್ಟಕ್ಕೇ. ಕಾರು ಇಲ್ಲದೆ ಬದುಕಬಹುದು ಎಂದು ಅವಳಮ್ಮ ಹೊರಡುವಾಗಲೇ ಹೇಳಿದ್ದಳು. ಮುಂಗಡ ಕೊಟ್ಟು ಬಸ್ಸು ಹಿಡಿದೆವು.

ಮೇ ತಿಂಗಳಲ್ಲಿ ಮತ್ತೆ ಹೋದೆವು. ಸಮಯವಿತ್ತು, ಅದಕ್ಕೆ ಮೇಸ್ತ್ರಿಯ ಹತ್ತಿರ ಹೋಗುವ ಮೊದಲು ಅದೇ ಊರಿನ ಪೌಲಸ್ ಶ್ಲೋಸೆಲ್‌ನಲ್ಲಿರುವ ವಾದ್ಯ ಸಂಗ್ರಹಾಲಯ ನೋಡಿದೆವು. 1883ರಲ್ಲಿ ಶುರುವಾದದ್ದು. ಅಲ್ಲಿನ ದೈತ್ಯ ಟ್ಯೂಬಾದ ಮುಂದೆ ನಿಂತು ಮಗಳು ಫೋಟೋ ತೆಗೆಸಿಕೊಂಡಳು. ಮನಸ್ಸೆಲ್ಲ ಬೇರೆ ಕಡೆ ಇದ್ದದ್ದರಿಂದ ಉಳಿದದ್ದೇನೂ ನಾವು ಸರಿಯಾಗಿ ನೋಡಲಿಲ್ಲ.

ಹೊಸ ಟ್ಯೂಬಾದ ಬೆಲ್ಲಿನ ಮೇಲೂ ಆ ಹಲ್ಲಿನ ಗೆರೆ ಇತ್ತು. ಮೇಸ್ತ್ರಿ ಏನೂ ಹೇಳದೆ ಅವಳ ಬೆರಳು ಹಿಡಿದು ಅದರ ಮೇಲೆ ಎಳೆದರು. ಮೌತ್‌ಪೀಸ್ ಸರಿಯಾಗಿ ತುಟಿಯ ಮುಂದೆ ಬಂತು.

ಆಡೋರ್ಫ್‌ನಲ್ಲಿ ರೈಲಿಗೆ ಇನ್ನೂ ಅರ್ಧ ಗಂಟೆ. ಪ್ಲಾಟ್‌ಫಾರಂನಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಪೆಟ್ಟಿಗೆ ಬಿಚ್ಚಿ ಬೆಂಚಿನ ಮೇಲೆ ಕೂತಳು. ಅವಳು ಹೇಳುವ ಮೊದಲೇ ನಾನು ಆ ತುದಿಗೆ ನಡೆದೆ, ತಿರುಗಿ ನಿಂತು ಕಣ್ಣು ಮುಚ್ಚಿದೆ. ಕೆಳಗಿನ ಸಿ ಹಳಿಗಳ ಮೇಲೆ ಹರಿದು ಬಂತು.

"ಕೇಳಿಸ್ತಾ ಅಪ್ಪಾ?" ಎಂದು ಕೂಗಿದಳು. ನಾನು ಕೈ ಎತ್ತಿದೆ.